ಸರಳು ನೆಟ್ಟರೆ ಸಾಲದು: ಬಯಲಿನ ಜನರೇಟರ್ ಮತ್ತು ಅರ್ಥಿಂಗ್ ಕುರಿತ ಹುಸಿ ಧೈರ್ಯ

ಹುಲ್ಲಿನ ಮೇಲೆ ಒಂದು ಪುಟ್ಟ ಜನರೇಟರ್. ಪಕ್ಕದಲ್ಲಿ ಗೇಣುದ್ದ ಮಣ್ಣಿಗಿಳಿದ ಕಬ್ಬಿಣದ ಸರಳು. ಅದರ ಕುತ್ತಿಗೆಗೆ ನಾಲ್ಕು ಸುತ್ತು ಹಸಿರು ತಂತಿ, ತಂತಿಯ ಇನ್ನೊಂದು ತುದಿ ಜನರೇಟರಿನ ಚೌಕಟ್ಟಿನ ಬೋಲ್ಟಿಗೆ. ಇಷ್ಟು ಮಾಡಿ, ಕೈಗಂಟಿದ ಮಣ್ಣು ಕೊಡವಿ, ‘ಅರ್ಥಿಂಗ್ ಆಯಿತು, ಇನ್ನು ಶಾಕ್ ಹೊಡೆಯುವುದಿಲ್ಲ’ ಎಂದು ನಿಟ್ಟುಸಿರು ಬಿಡುವವರು ಬಹಳ ಮಂದಿ. ಕಟ್ಟಡ ಕೆಲಸದ ಜಾಗ, ತೆರೆದ ಬಯಲಿನ ವೇದಿಕೆ, ಶಿಬಿರ, ಬಿರುಗಾಳಿಗೆ ಸಿಕ್ಕಿ ಕರೆಂಟು ಹೋದ ಮನೆಯ ಅಂಗಳ, ಎಲ್ಲ ಕಡೆಯೂ ಇದೇ ದೃಶ್ಯ, ಇದೇ ಮಾತು. ಆ ಧೈರ್ಯಕ್ಕೆ ಆಧಾರವಿಲ್ಲ ಎಂಬುದು ಈ ಲೇಖನದ ವಾದ. ಅಷ್ಟೇ ಅಲ್ಲ, ಕೆಲವು ಸಂದರ್ಭಗಳಲ್ಲಿ ಆ ಸರಳು ಇಲ್ಲದಿದ್ದರೆ ಬದುಕುತ್ತಿದ್ದ ಮನುಷ್ಯ ಅದು ಇದ್ದದ್ದರಿಂದಲೇ ಸಾಯಬಹುದು.

ಈ ಮಾತನ್ನು ಈಗ ಎತ್ತಲು ಕಾರಣವಿದೆ. ಒಂದು ಕಾಲಕ್ಕೆ ಜನರೇಟರ್ ಎಂದರೆ ನಾಲ್ಕು ಜನ ಹೊತ್ತು ತರಬೇಕಾದ ಯಂತ್ರ. ಅದರ ಜೊತೆಯಲ್ಲಿ ಒಬ್ಬ ಎಲೆಕ್ಟ್ರಿಷಿಯನ್ ಇದ್ದೇ ಇರುತ್ತಿದ್ದ. ಎಂಜಿನ್ನಿನ ಕರೆಂಟನ್ನು ಎಲೆಕ್ಟ್ರಾನಿಕ್ ಆಗಿ ಹದಗೊಳಿಸಿ ಕೊಡುವ ಇನ್ವರ್ಟರ್ ತಂತ್ರಜ್ಞಾನ ಬಂದ ಮೇಲೆ ಎರಡು ಕೆವಿಎ ಯಂತ್ರವನ್ನು ಒಬ್ಬರೇ ಒಂದು ಕೈಯಲ್ಲಿ ಎತ್ತಿ ಕಾರಿಗೆ ಹಾಕಬಹುದು. ಯಂತ್ರ ಹಗುರವಾಯಿತು, ಎಲೆಕ್ಟ್ರಿಷಿಯನ್ ಮರೆಯಾದ. ಮನೆಯ ಗೋಡೆಯ ಪ್ಲಗ್ಗಿಗೆ ತಂತಿ ಚುಚ್ಚಿದಷ್ಟೇ ನಿಶ್ಚಿಂತೆಯಿಂದ ಜನರೇಟರಿನ ಪ್ಲಗ್ಗಿಗೂ ಚುಚ್ಚುತ್ತೇವೆ. ಆದರೆ ಗೋಡೆಯ ಪ್ಲಗ್ಗಿನ ಹಿಂದೆ ಒಂದು ಇಡೀ ವ್ಯವಸ್ಥೆ ನಿಂತಿದೆ: ಟ್ರಾನ್ಸ್‌ಫಾರ್ಮರ್ ಬಳಿ ನೆಲಕ್ಕೆ ಕಟ್ಟಿದ ನ್ಯೂಟ್ರಲ್ (ಕರೆಂಟು ಮರಳುವ ತಂತಿ), ಮನೆಯ ಅರ್ಥಿಂಗ್, ಪ್ರವಾಹ ಮಿತಿ ಮೀರಿದರೆ ತಾನಾಗಿ ಬೀಳುವ, ಲೆಕ್ಕ ಹಾಕಿ ಕೂರಿಸಿದ ಎಂಸಿಬಿ ಸ್ವಿಚ್. ಜನರೇಟರಿನ ಪ್ಲಗ್ಗಿನ ಹಿಂದೆ ಇರುವುದು ಒಂದು ಎಂಜಿನ್ ಮತ್ತು ಒಂದು ತಾಮ್ರದ ಸುರುಳಿ ಮಾತ್ರ. ಅದನ್ನು ಚಾಲೂ ಮಾಡಿದ ಕ್ಷಣದಿಂದ ವಿದ್ಯುತ್ ಕಂಪನಿಯ ಹೊಣೆ ಪೂರ್ತಿಯಾಗಿ ಅದನ್ನು ಇಟ್ಟವರ ಮೇಲೆ ಬೀಳುತ್ತದೆ.

ಮೊದಲು ಒಂದು ನಂಬಿಕೆಯನ್ನು ಬಿಡಿಸಿಕೊಳ್ಳಬೇಕು. ‘ಕರೆಂಟು ಭೂಮಿಗೆ ಇಳಿದು ಹೋಗುತ್ತದೆ’ ಎಂದು ಶಾಲೆಯಿಂದಲೇ ಕೇಳಿಕೊಂಡು ಬಂದಿದ್ದೇವೆ. ವಿದ್ಯುತ್ತಿಗೆ ಭೂಮಿಯ ಮೇಲೆ ಯಾವ ಮೋಹವೂ ಇಲ್ಲ. ತಾನು ಹೊರಟ ಸುರುಳಿಯ ಒಂದು ತುದಿಯಿಂದ ಅದೇ ಸುರುಳಿಯ ಇನ್ನೊಂದು ತುದಿಗೆ ಮರಳುವುದಷ್ಟೇ ಅದಕ್ಕೆ ಗೊತ್ತು. ಮರಳುವ ದಾರಿ ಇದ್ದರೆ ಹರಿಯುತ್ತದೆ, ಇಲ್ಲದಿದ್ದರೆ ಇಲ್ಲ. ಮನೆಯಲ್ಲಿ ಫೇಸ್ ತಂತಿ, ಅಂದರೆ ಕರೆಂಟು ಬರುವ ತಂತಿ ಮುಟ್ಟಿ ನೆಲದ ಮೇಲೆ ನಿಂತವನಿಗೆ ಶಾಕ್ ಹೊಡೆಯುವುದು ಭೂಮಿ ಕರೆಂಟನ್ನು ಹೀರಿಕೊಳ್ಳುವುದರಿಂದಲ್ಲ. ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲ್ ಅದೇ ಭೂಮಿಗೆ ಕಟ್ಟಲ್ಪಟ್ಟಿರುವುದರಿಂದ ಮಣ್ಣು ಒಂದು ವಾಪಸು ದಾರಿಯಾಗುತ್ತದೆ, ಅವನ ದೇಹ ಆ ದಾರಿಯ ಒಂದು ತುಂಡಾಗುತ್ತದೆ. ಈ ಒಂದು ಸಂಗತಿಯನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಮುಂದಿನದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಸಣ್ಣ ಪೋರ್ಟಬಲ್ ಜನರೇಟರ್‌ಗಳಲ್ಲಿ ಎರಡು ಜಾತಿ. ಒಂದರಲ್ಲಿ ಸುರುಳಿಯ ಎರಡೂ ತುದಿಗಳು ಚೌಕಟ್ಟಿಗೆ ತಗಲದೆ ಸ್ವತಂತ್ರವಾಗಿರುತ್ತವೆ. ಇದನ್ನು ಫ್ಲೋಟಿಂಗ್, ಅಂದರೆ ತೇಲುವ ನ್ಯೂಟ್ರಲ್ ಎನ್ನುತ್ತಾರೆ. ಹೆಚ್ಚಿನ ಸಣ್ಣ ಇನ್ವರ್ಟರ್ ಜನರೇಟರ್‌ಗಳು ಈ ಬಗೆಯವು. ಇನ್ನೊಂದರಲ್ಲಿ ಸುರುಳಿಯ ಒಂದು ತುದಿಯನ್ನು ತಯಾರಕರೇ ಲೋಹದ ಚೌಕಟ್ಟಿಗೂ ಪ್ಲಗ್ಗಿನ ಅರ್ಥ್ ಪಿನ್ನಿಗೂ ಜೋಡಿಸಿರುತ್ತಾರೆ. ಇದು ಬಾಂಡ್ ಮಾಡಿದ ನ್ಯೂಟ್ರಲ್. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಅದೇ ಮೂರು ತೂತಿನ ಪ್ಲಗ್, ಚೌಕಟ್ಟಿನ ಮೇಲೆ ಅದೇ ಅರ್ಥ್ ಬೋಲ್ಟು. ಆದರೆ ಅಪಾಯದ ಹೊತ್ತಿನಲ್ಲಿ ಒಂದರ ನಡತೆಗೂ ಇನ್ನೊಂದರ ನಡತೆಗೂ ಅಜಗಜಾಂತರ.

ತೇಲುವ ವ್ಯವಸ್ಥೆಗೆ ಒಂದು ಒಳ್ಳೆಯ ಗುಣವಿದೆ. ಡ್ರಿಲ್ ಯಂತ್ರದ ಒಳಗೆ ಫೇಸ್ ತಂತಿ ಸವೆದು ಅದರ ಲೋಹದ ಮೈಗೆ ತಾಗಿತು ಎನ್ನಿ. ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ಅದನ್ನು ಹಿಡಿದವನಿಗೂ ಏನೂ ಆಗುವುದಿಲ್ಲ. ಮಣ್ಣಿನಿಂದ ಸುರುಳಿಗೆ ಮರಳುವ ದಾರಿಯೇ ಇಲ್ಲ. ಅವನು ಕೆಲಸ ಮುಗಿಸಿ ಡ್ರಿಲ್ ಅನ್ನು ಪೆಟ್ಟಿಗೆಯಲ್ಲಿಟ್ಟು ಹೋಗುತ್ತಾನೆ. ಮರುದಿನವೂ ಅದೇ ಡ್ರಿಲ್, ಅದೇ ನೆಲ, ಆಗಲೂ ಏನೂ ಇಲ್ಲ. ದೋಷ ಹುಟ್ಟಿ ಆಗಿದೆ, ಆದರೆ ಅದು ಸದ್ದು ಮಾಡುವುದಿಲ್ಲ, ಫ್ಯೂಸ್ ಸುಡುವುದಿಲ್ಲ, ಜುಮ್ಮೆನ್ನಿಸುವುದೂ ಇಲ್ಲ. ನನಗೆ ಅತ್ಯಂತ ಭಯ ಹುಟ್ಟಿಸುವುದು ಈ ಮೌನವೇ.

ಏಕೆಂದರೆ ಮೂರನೆಯ ದಿನ ಅದೇ ಜನರೇಟರಿಗೆ ಎರಡನೆಯ ಉಪಕರಣ ಬರುತ್ತದೆ: ರಬ್ಬರ್ ಕಾಲಿನ ಮೇಲೆ ನಿಂತ ಕಬ್ಬಿಣದ ಕಂಬಕ್ಕೆ ಕೂರಿಸಿದ ದೀಪ. ಅದರ ತಂತಿಯನ್ನು ಯಾರೋ ಕಂಬಕ್ಕೆ ಬಿಗಿದು ಕಟ್ಟಿದ್ದಾರೆ, ಸಿಪ್ಪೆ ಸುಲಿದು ನ್ಯೂಟ್ರಲ್ ಕಂಬಕ್ಕೆ ತಾಗಿದೆ. ಎರಡಕ್ಕೂ ಬಳಸಿರುವುದು ಅರ್ಥ್ ಇಲ್ಲದ ಎರಡೆಳೆಯ ಎಕ್ಸ್‌ಟೆನ್ಷನ್ ತಂತಿ. ಆ ದೀಪವನ್ನು ಮುಟ್ಟಿದರೂ ಏನೂ ಆಗುವುದಿಲ್ಲ. ಡ್ರಿಲ್ ಮುಟ್ಟಿದರೂ ಏನೂ ಆಗುವುದಿಲ್ಲ. ಬಲಗೈಯಲ್ಲಿ ಡ್ರಿಲ್ ಹಿಡಿದವನು ಬೆಳಕು ಈ ಕಡೆ ಬರಲಿ ಎಂದು ಎಡಗೈಯಿಂದ ಕಂಬವನ್ನು ತಿರುಗಿಸುತ್ತಾನೆ. ಆ ಕ್ಷಣದಲ್ಲಿ ಸುರುಳಿಯ ಒಂದು ತುದಿ ಅವನ ಬಲಗೈಯಲ್ಲಿ, ಇನ್ನೊಂದು ತುದಿ ಎಡಗೈಯಲ್ಲಿ. ಪೂರ್ತಿ 230 ವೋಲ್ಟ್ ಅವನ ಎದೆಯ ಮೂಲಕ ಹಾಯುತ್ತದೆ.

ಅಂಕಿಗಳಲ್ಲಿ ಹೇಳುವುದಾದರೆ, ಬೆವರಿದ ಅಥವಾ ಒದ್ದೆಯಾದ ಕೈಗಳ ನಡುವಿನ ದೇಹದ ರೋಧವನ್ನು ಸುಮಾರು 1,000 ಓಮ್ ಎಂದು ಹಿಡಿಯುವುದು ವಾಡಿಕೆ. 230 ವೋಲ್ಟಿಗೆ ಅದು 230 ಮಿಲಿ ಆಂಪಿಯರ್. ಮನುಷ್ಯನಿಗೆ ಜುಮ್ಮೆನ್ನಲು ಅರ್ಧದಿಂದ ಒಂದು ಮಿಲಿ ಆಂಪಿಯರ್ ಸಾಕು. ಸುಮಾರು 10 ಮಿಲಿ ಆಂಪಿಯರ್ ದಾಟಿದರೆ ಸ್ನಾಯುಗಳು ಬಿಗಿದುಕೊಂಡು ಹಿಡಿದದ್ದನ್ನು ಬಿಡಲಾಗುವುದಿಲ್ಲ. ಅದಕ್ಕಿಂತ ಹೆಚ್ಚಾದ ಪ್ರವಾಹ ಕ್ಷಣಗಳ ಕಾಲ ಎದೆಯ ಮೂಲಕ ಹರಿದರೆ ಹೃದಯ ಲಯ ತಪ್ಪಿ ಕಂಪಿಸತೊಡಗುತ್ತದೆ, ರಕ್ತ ಪಂಪ್ ಮಾಡುವುದು ನಿಲ್ಲುತ್ತದೆ. ‘ಬಿಡಲಾಗದ ಪ್ರವಾಹ’ದ ಮಿತಿಯನ್ನು ಕ್ರಮಬದ್ಧವಾಗಿ ಅಳೆದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್‌ಲಿಯಲ್ಲಿದ್ದ ಚಾರ್ಲ್ಸ್ ಡಾಲ್ಜೀಲ್. ಸ್ವಯಂಸೇವಕರ ಕೈಗೆ ತಂತಿ ಕೊಟ್ಟು, ಯಾವ ಹಂತದಲ್ಲಿ ಬಿಡಲಾಗುವುದಿಲ್ಲ ಎಂದು ಅವರು ದಾಖಲಿಸಿದರು. ಪುರುಷರ ಸರಾಸರಿ 16, ಮಹಿಳೆಯರ ಸರಾಸರಿ 10.5 ಮಿಲಿ ಆಂಪಿಯರ್. ಸೋರಿಕೆಯನ್ನು ಕಂಡು ಕರೆಂಟು ಕಡಿಯುವ ಸೂಕ್ಷ್ಮ ಉಪಕರಣವೊಂದನ್ನು 1960ರ ದಶಕದಲ್ಲಿ ರೂಪಿಸಿದವರೂ ಅವರೇ. ಕೆಲವು ಮಿಲಿ ಆಂಪಿಯರ್‌ಗಳ ಅಂತರದಲ್ಲಿ ಜೀವ ಹೋಗುತ್ತದೆ ಎಂದು ಕಣ್ಣಾರೆ ಅಳೆದವರು ಅದನ್ನು ತಡೆಯುವ ಕೆಲಸವನ್ನೂ ತಾವೇ ಎತ್ತಿಕೊಂಡರು ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಆ ಉಪಕರಣದ ಬಳಗದ್ದೇ ಇಂದಿನ ಆರ್‌ಸಿಸಿಬಿ. ಇಎಲ್‌ಸಿಬಿ ಎಂಬ ಹಳೆಯ ಹೆಸರಿನಿಂದಲೂ ಇದನ್ನು ಕರೆಯುತ್ತಾರೆ. ಅದರ ಕೆಲಸ ಲೆಕ್ಕ ಹಾಕುವುದು. ಫೇಸ್‌ನಲ್ಲಿ ಎಷ್ಟು ಹೋಯಿತು, ನ್ಯೂಟ್ರಲ್‌ನಲ್ಲಿ ಎಷ್ಟು ಬಂತು? ಎರಡಕ್ಕೂ ತಾಳೆಯಾದರೆ ಸರಿ. 30 ಮಿಲಿ ಆಂಪಿಯರ್ ದರ್ಜೆಯ ಉಪಕರಣದಲ್ಲಿ ಅಷ್ಟು ಪ್ರವಾಹ ಬೇರೆ ದಾರಿಯಲ್ಲಿ ಹೋದರೆ 300 ಮಿಲಿಸೆಕೆಂಡಿನೊಳಗೆ, 150 ಮಿಲಿ ಆಂಪಿಯರ್ ಹೋದರೆ 40 ಮಿಲಿಸೆಕೆಂಡಿನೊಳಗೆ ಅದು ಕರೆಂಟು ಕಡಿಯಬೇಕು. ಹೃದಯದ ಒಂದು ಬಡಿತಕ್ಕಿಂತಲೂ ಕಡಿಮೆ ಹೊತ್ತು. ಹಾಗಾದರೆ ಜನರೇಟರಿಗೆ ಒಂದು ಆರ್‌ಸಿಸಿಬಿ ಜೋಡಿಸಿಬಿಟ್ಟರೆ ಮುಗಿಯಿತಲ್ಲವೇ ಎಂದು ಕೇಳಬಹುದು. ಮುಗಿಯುವುದಿಲ್ಲ. ತೇಲುವ ನ್ಯೂಟ್ರಲ್ ಇರುವ ಜನರೇಟರಿನ ಬಾಯಿಗೆ ಒಂದೇ ಆರ್‌ಸಿಸಿಬಿ ಜೋಡಿಸಿ, ಮೇಲಿನ ಡ್ರಿಲ್ಲು ಮತ್ತು ಕಂಬದ ಪ್ರಸಂಗವನ್ನು ಮತ್ತೊಮ್ಮೆ ನೋಡಿ. ಡ್ರಿಲ್ಲಿನ ಫೇಸ್‌ನಿಂದ ಹೊರಟ ಪ್ರವಾಹ ಮನುಷ್ಯನನ್ನು ಹಾದು ಕಂಬದ ನ್ಯೂಟ್ರಲ್ ಸೇರಿ, ಅದೇ ಆರ್‌ಸಿಸಿಬಿಯ ಮೂಲಕವೇ ಸುರುಳಿಗೆ ಮರಳುತ್ತದೆ. ಹೋದದ್ದೂ ಬಂದದ್ದೂ ಸಮ. ಅದರ ಲೆಕ್ಕದಲ್ಲಿ ಎಲ್ಲವೂ ಸರಿ ಇದೆ. ಮನುಷ್ಯ ಸಾಯುತ್ತಿರುವುದು ಅದರ ಕಣ್ಣಿಗೆ ಒಂದು ಬಲ್ಬು ಉರಿದಂತೆ ಕಾಣುತ್ತದೆ.

ಇದಕ್ಕಿಂತ ಮೋಸದ ಸಂಗತಿ ಇನ್ನೊಂದಿದೆ. ಆರ್‌ಸಿಸಿಬಿಯ ಮುಖದ ಮೇಲೆ ‘ಟಿ’ ಎಂದು ಬರೆದ ಪುಟ್ಟ ಗುಂಡಿ ಇರುತ್ತದೆ. ಒತ್ತಿದರೆ ಟಪ್ ಎಂದು ಬೀಳುತ್ತದೆ, ನಮಗೆ ಸಮಾಧಾನವಾಗುತ್ತದೆ. ಆ ಗುಂಡಿ ಉಪಕರಣದ ಒಳಗೇ ಫೇಸ್ ಮತ್ತು ನ್ಯೂಟ್ರಲ್ ನಡುವೆ ಒಂದು ಅಡ್ಡದಾರಿ ತೆರೆದು ಲೆಕ್ಕ ತಪ್ಪಿಸುತ್ತದೆ. ಅದಕ್ಕೆ ಅರ್ಥಿಂಗ್ ಬೇಕಿಲ್ಲ, ಬಾಂಡಿಂಗ್ ಬೇಕಿಲ್ಲ. ತೇಲುವ ಜನರೇಟರಿನಲ್ಲೂ ಅದು ಚೊಕ್ಕವಾಗಿ ಬೀಳುತ್ತದೆ. ಗುಂಡಿ ಹೇಳುವುದು ‘ಈ ಪೆಟ್ಟಿಗೆ ಸರಿಯಿದೆ’ ಎಂದು. ‘ನೀನು ಸುರಕ್ಷಿತ’ ಎಂದು ನಾವು ಓದಿಕೊಳ್ಳುತ್ತೇವೆ. ದಯವಿಟ್ಟು ಹಾಗೆ ಓದಿಕೊಳ್ಳಬೇಡಿ.

ಈಗ ಬಾಂಡ್ ಮಾಡಿದ ನ್ಯೂಟ್ರಲ್ ಕಡೆಗೆ ಬರೋಣ. ಸುರುಳಿಯ ಒಂದು ತುದಿಯನ್ನು ಆರ್‌ಸಿಸಿಬಿಗಿಂತ ಮೊದಲೇ, ಅಂದರೆ ಜನರೇಟರಿನ ಕಡೆಯಲ್ಲೇ, ಚೌಕಟ್ಟಿಗೆ ಕಟ್ಟಿದೆ. ಡ್ರಿಲ್ಲಿನ ತಂತಿ ಮೂರೆಳೆಯದು. ಫೇಸ್ ಲೋಹದ ಮೈಗೆ ತಾಗಿದ ಕೂಡಲೇ ಪ್ರವಾಹ ಅರ್ಥ್ ತಂತಿ ಹಿಡಿದು ಚೌಕಟ್ಟಿಗೆ, ಚೌಕಟ್ಟಿನಿಂದ ಬಾಂಡ್ ಮೂಲಕ ನೇರ ಸುರುಳಿಗೆ ಮರಳುತ್ತದೆ. ಆರ್‌ಸಿಸಿಬಿಯ ನ್ಯೂಟ್ರಲ್‌ಗೆ ಅದು ಬರುವುದೇ ಇಲ್ಲ. ಲೆಕ್ಕ ತಪ್ಪಿತು, ಕರೆಂಟು ಕಡಿಯಿತು. ಯಾರೂ ಮುಟ್ಟುವ ಮೊದಲೇ ಮೊದಲ ದೋಷ ಕೂಗಿ ಹೇಳಿತು. ಈ ಇಡೀ ಸರಣಿಯಲ್ಲಿ ಮಣ್ಣಿಗೆ ನೆಟ್ಟ ಸರಳಿಗೆ ಏನು ಪಾತ್ರ? ಏನೂ ಇಲ್ಲ. ಕೆಲಸ ಮಾಡಿದ್ದು ಅರ್ಥ್ ತಂತಿ, ಬಾಂಡಿಂಗ್ ಮತ್ತು ಆರ್‌ಸಿಸಿಬಿ. ಸರಳನ್ನು ಕಿತ್ತು ಎಸೆದಿದ್ದರೂ ಇದು ಹೀಗೆಯೇ ನಡೆಯುತ್ತಿತ್ತು. ‘ಅರ್ಥಿಂಗ್’ ಎಂಬ ಒಂದೇ ಪದದಲ್ಲಿ ನಾವು ಎರಡು ಬೇರೆ ಬೇರೆ ಸಂಗತಿಗಳನ್ನು ತುರುಕಿದ್ದೇವೆ. ಲೋಹದ ಭಾಗಗಳನ್ನೆಲ್ಲ ತಂತಿಯಿಂದ ಒಂದಕ್ಕೊಂದು ಕಟ್ಟಿ ಸುರುಳಿಗೆ ದಾರಿ ಮಾಡಿಕೊಡುವುದು ಒಂದು, ಮಣ್ಣಿಗೆ ಸಂಪರ್ಕ ಕೊಡುವುದು ಇನ್ನೊಂದು. ಜೀವ ಉಳಿಸುವ ದೊಡ್ಡ ಪಾಲು ಮೊದಲನೆಯದರದ್ದು. ಶ್ರಮವೆಲ್ಲ ಹೋಗುತ್ತಿರುವುದು ಎರಡನೆಯದಕ್ಕೆ.

ಸರಳಿನ ಶಕ್ತಿ ಎಷ್ಟು ಎಂದು ಲೆಕ್ಕ ಹಾಕಿಯೇ ನೋಡೋಣ. 16 ಮಿಲಿಮೀಟರ್ ದಪ್ಪದ, 1.2 ಮೀಟರ್ ಉದ್ದದ ಸರಳನ್ನು ಪೂರ್ತಿ ಇಳಿಸಿದ್ದೇವೆ, ಮಣ್ಣು ಸಾಧಾರಣ ತೇವದ್ದು, ಅದರ ರೋಧಕತೆ 100 ಓಮ್ ಮೀಟರ್ ಎಂದುಕೊಳ್ಳಿ. ಸೂತ್ರದ ಪ್ರಕಾರ ಆ ಸರಳಿಗೂ ಭೂಮಿಗೂ ನಡುವಿನ ರೋಧ 70 ಓಮ್ ಆಸುಪಾಸು ಬರುತ್ತದೆ. 230 ವೋಲ್ಟಿಗೆ ಅದರ ಮೂಲಕ ಹರಿಯುವುದು ಹೆಚ್ಚೆಂದರೆ 3.3 ಆಂಪಿಯರ್. 16 ಆಂಪಿಯರಿನ ಎಂಸಿಬಿಗೆ ಅದು ಗೊತ್ತೇ ಆಗುವುದಿಲ್ಲ. ಅದರ ದೃಷ್ಟಿಯಲ್ಲಿ ಅದು ಒಂದು ಇಸ್ತ್ರಿ ಪೆಟ್ಟಿಗೆಯ ಹೊರೆ. ಒಣ ಮರಳು ನೆಲವಾದರೆ ರೋಧಕತೆ ಹತ್ತು ಪಟ್ಟು ಏರುವುದು ಸಾಮಾನ್ಯ. ಆಗ ರೋಧ 700 ಓಮ್, ಪ್ರವಾಹ ಒಂದು ಆಂಪಿಯರಿನ ಮೂರನೇ ಒಂದು ಭಾಗ. ಇದು ಪೂರ್ತಿ ಇಳಿಸಿದ ಸರಳಿನ ಕಥೆ. ಗೇಣುದ್ದ ಇಳಿದ ಸರಳಿನದು ಇದಕ್ಕಿಂತ ಎಷ್ಟೋ ಕೀಳು. ದೋಷವಾದಾಗ ಸರಳಿನ ಬಲದ ಮೇಲೆ ಎಂಸಿಬಿ ಬೀಳುತ್ತದೆ ಎಂದು ಕಾಯುವುದು ವ್ಯರ್ಥ.

ಆರಂಭದಲ್ಲಿ ಹೇಳಿದ ಕಟು ಮಾತಿಗೆ ಈಗ ಬಂದೆ. ನ್ಯೂಟ್ರಲ್ ಬಾಂಡ್ ಆಗಿದೆ, ಚೌಕಟ್ಟಿಗೆ ಸರಳು ಕಟ್ಟಿದೆ, ಆರ್‌ಸಿಸಿಬಿ ಮಾತ್ರ ಇಲ್ಲ. ಎಕ್ಸ್‌ಟೆನ್ಷನ್ ತಂತಿಯ ಸಿಪ್ಪೆ ಹರಿದ ಜಾಗವನ್ನು ಒಬ್ಬ ಒದ್ದೆ ಹುಲ್ಲಿನ ಮೇಲೆ ನಿಂತು ಮುಟ್ಟುತ್ತಾನೆ. ಸರಳು ಇಲ್ಲದಿದ್ದರೆ, ರಬ್ಬರ್ ಕಾಲಿನ ಮೇಲೆ ಕೂತ ಜನರೇಟರಿಗೆ ಮಣ್ಣಿನಿಂದ ಸರಿಯಾದ ದಾರಿ ಸಿಗುತ್ತಿರಲಿಲ್ಲ. ಈಗ ನಾವೇ ದಾರಿ ಕಡಿದು ಕೊಟ್ಟಿದ್ದೇವೆ: ಕೈ, ಎದೆ, ಕಾಲು, ಮಣ್ಣು, ಸರಳು, ಚೌಕಟ್ಟು, ಸುರುಳಿ. ದೇಹದ 1,000 ಓಮ್ ಜೊತೆಗೆ ಸರಳಿನ 70 ಓಮ್ ಸೇರಿಸಿದರೂ 200 ಮಿಲಿ ಆಂಪಿಯರ್ ದಾಟುತ್ತದೆ. ಆರ್‌ಸಿಸಿಬಿ ಇದ್ದಿದ್ದರೆ 40 ಮಿಲಿಸೆಕೆಂಡಿನಲ್ಲಿ ಕಡಿಯುತ್ತಿತ್ತು. ಇಲ್ಲದ ಕಡೆ ಕಡಿಯುವವರು ಯಾರು? ಹಸಿರು ತಂತಿ ಕಟ್ಟಿದವನು ಒಳ್ಳೆಯದನ್ನೇ ಬಯಸಿ ಕಟ್ಟಿದ್ದ. ಅದಕ್ಕೇ ಈ ಮಾತನ್ನು ಇಷ್ಟು ಬಿಡಿಸಿ ಹೇಳಬೇಕೆನಿಸಿತು.

ನಿಯಮಗಳೂ ಇದನ್ನೇ ಹೇಳುತ್ತವೆ. ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆಯ 250.34ನೆಯ ವಿಧಿಯ ಪ್ರಕಾರ, ಜನರೇಟರಿನ ಮೇಲಿನ ಪ್ಲಗ್ಗುಗಳಿಂದಲೇ ತಂತಿ ಎಳೆದು ಉಪಕರಣಗಳನ್ನು ನಡೆಸುವುದಾದರೆ, ಮತ್ತು ಪ್ಲಗ್ಗಿನ ಅರ್ಥ್ ಪಿನ್ನು ಹಾಗೂ ಲೋಹದ ಭಾಗಗಳು ಚೌಕಟ್ಟಿಗೆ ಸರಿಯಾಗಿ ಬಾಂಡ್ ಆಗಿದ್ದರೆ, ಪೋರ್ಟಬಲ್ ಜನರೇಟರಿಗೆ ಪ್ರತ್ಯೇಕ ಸರಳು ಕಡ್ಡಾಯವಲ್ಲ. ಅಂತರರಾಷ್ಟ್ರೀಯ ಐಇಸಿ 60364 ಸರಣಿಯ ಮಾನಕ ಶಾಶ್ವತವಾಗಿ ಕೂರಿಸದ ಜನರೇಟರ್‌ಗಳಿಗೆ 30 ಮಿಲಿ ಆಂಪಿಯರ್ ಮೀರದ ಆರ್‌ಸಿಸಿಬಿ ಕೇಳುತ್ತದೆ. ಅದೇ ಮಾನಕದಲ್ಲಿ ‘ವಿದ್ಯುತ್ ಪ್ರತ್ಯೇಕತೆ’ ಎಂಬ ಇನ್ನೊಂದು ರಕ್ಷಣಾ ವಿಧಾನವಿದೆ. ತೇಲುವ ಜನರೇಟರ್ ಒಂದೇ ಒಂದು ಉಪಕರಣವನ್ನು ನಡೆಸುವಾಗ ಅದು ಹೊಂದುತ್ತದೆ. ಆ ವಿಧಾನದಲ್ಲಿ ಉಪಕರಣದ ಲೋಹದ ಮೈಯನ್ನು ಭೂಮಿಗೆ ಜೋಡಿಸಲೇಕೂಡದು. ಒಂದಕ್ಕಿಂತ ಹೆಚ್ಚು ಉಪಕರಣ ನಡೆಸಬೇಕಾದರೆ ಅವುಗಳ ಲೋಹದ ಮೈಗಳನ್ನು ನೆಲಕ್ಕೆ ತಗಲದ ತಂತಿಯಿಂದ ಪರಸ್ಪರ ಕಟ್ಟಬೇಕು, ಬಲ್ಲವರ ನಿಗಾ ಇರಬೇಕು.

ಹಾಗೆಂದು ಸರಳು ಎಲ್ಲಿಯೂ ಬೇಡ ಎಂದು ಯಾರೂ ಎಣಿಸಬಾರದು. ಜನರೇಟರ್ ಒಂದು ಕಟ್ಟಡದ ವೈರಿಂಗ್‌ಗೆ ಬದಲಿ ಮೂಲವಾಗಿ ಸೇರುವಾಗ, ದೊಡ್ಡ ವೇದಿಕೆಗೆ ವಿತರಣಾ ಪೆಟ್ಟಿಗೆಗಳ ಮೂಲಕ ಕರೆಂಟು ಹಂಚುವಾಗ, ಲೋಹದ ರಚನೆಗಳು ನೆಲಕ್ಕೆ ತಗಲಿಕೊಂಡೇ ಇರುವಾಗ ಭೂಸಂಪರ್ಕ ಬೇಕೇ ಬೇಕು. ಎಷ್ಟೋ ಮನೆಗಳಲ್ಲಿ ಅರ್ಥ್ ಬರುವುದು ವಿದ್ಯುತ್ ಕಂಪನಿಯ ತಂತಿಯ ಮೂಲಕ. ಬಿರುಗಾಳಿಗೆ ಆ ತಂತಿಯೇ ಹರಿದುಬಿದ್ದಿದ್ದರೆ ಮನೆಯ ಅರ್ಥ್ ಕೂಡ ಹೋಗಿರುತ್ತದೆ. ಆಗ ಸ್ವಂತ ಭೂಸಂಪರ್ಕವೇ ಗತಿ. ಅದನ್ನು ಕೂರಿಸಿ ಅಳೆಯಬೇಕಾದವರು ಪರವಾನಗಿ ಇರುವ ಎಲೆಕ್ಟ್ರಿಷಿಯನ್. ಸುತ್ತಿಗೆ ಹಿಡಿದ ನಾವಲ್ಲ.

ಎಂಸಿಬಿಯ ವಿಷಯಕ್ಕೆ ಮತ್ತೆ ಬರಬೇಕು, ಇಲ್ಲಿ ಇನ್ನೊಂದು ಅಡಗಿದ ಸಮಸ್ಯೆ ಇದೆ. ಮನೆಯ ಕರೆಂಟಿನಲ್ಲಿ ಶಾರ್ಟ್ ಆದರೆ ನೂರಾರು ಆಂಪಿಯರ್ ನುಗ್ಗಿ ಬರುತ್ತದೆ, ಎಂಸಿಬಿ ಕಣ್ಣು ಮಿಟುಕಿಸುವುದರೊಳಗೆ ಬೀಳುತ್ತದೆ. ಸಣ್ಣ ಜನರೇಟರಿಗೆ ಆ ಕಸುವು ಇಲ್ಲ. ಎರಡು ಕೆವಿಎ ಯಂತ್ರದ ಪೂರ್ಣ ಪ್ರವಾಹವೇ 8.7 ಆಂಪಿಯರ್. ಶಾರ್ಟ್ ಆದಾಗ ಮೂರು ಪಟ್ಟು ಕೊಟ್ಟಿತು ಎಂದುಕೊಂಡರೂ 26 ಆಂಪಿಯರ್. ಬಿ ಮಾದರಿಯ 16 ಆಂಪಿಯರ್ ಎಂಸಿಬಿ ತಕ್ಷಣ ಬೀಳಲು 48ರಿಂದ 80 ಆಂಪಿಯರ್ ಬೇಕು. 26 ಆಂಪಿಯರಿನಲ್ಲಿ ಅದು ಬಿಸಿಯಾಗಿ ಬೀಳಲು ನಿಮಿಷಗಟ್ಟಲೆ ಹಿಡಿಯುತ್ತದೆ. ಕೆಪಾಸಿಟರ್‌ನಿಂದ ನಡೆಯುವ ಅಗ್ಗದ ಜನರೇಟರ್‌ಗಳಲ್ಲಿ ಶಾರ್ಟ್ ಆದ ಕೂಡಲೇ ವೋಲ್ಟೇಜೇ ಕುಸಿಯುತ್ತದೆ. ಇನ್ವರ್ಟರ್ ಯಂತ್ರಗಳು ತಾವೇ ಪ್ರವಾಹಕ್ಕೆ ಕಡಿವಾಣ ಹಾಕುತ್ತವೆ. ಮನೆಯ ವಿತರಣಾ ಪೆಟ್ಟಿಗೆಯನ್ನು ಹಾಗೆಯೇ ತಂದು ಜನರೇಟರಿನ ಮುಂದೆ ಇಟ್ಟರೆ ಅದರೊಳಗಿನ ಎಂಸಿಬಿಗಳು ಬಹುಮಟ್ಟಿಗೆ ಅಲಂಕಾರ. ಉದ್ದವಾದ, ಸಣಕಲು ತಂತಿ ಎಳೆದಷ್ಟೂ ಶಾರ್ಟ್ ಪ್ರವಾಹ ಇನ್ನೂ ತಗ್ಗುತ್ತದೆ. ಇಲ್ಲಿಯೂ ಕೈ ಹಿಡಿಯುವುದು ಬಾಂಡಿಂಗ್ ಜೊತೆಗಿನ ಆರ್‌ಸಿಸಿಬಿಯೇ. ಅದಕ್ಕೆ ಆಂಪಿಯರುಗಳು ಬೇಕಿಲ್ಲ, ಮಿಲಿ ಆಂಪಿಯರು ಸಾಕು.

ನಿಮ್ಮ ಜನರೇಟರ್ ಯಾವ ಜಾತಿಯದು ಎಂದು ತಿಳಿಯುವುದು ಕಷ್ಟವಲ್ಲ. ಎಂಜಿನ್ ಆರಿಸಿ. ಎಲ್ಲ ತಂತಿಗಳನ್ನೂ ಕಳಚಿ. ಮಲ್ಟಿಮೀಟರನ್ನು ಓಮ್ ಅಳತೆಗೆ ತಿರುಗಿಸಿ, ಒಂದು ಮೊನೆಯನ್ನು ಪ್ಲಗ್ಗಿನ ಅರ್ಥ್ ತೂತಿಗೆ, ಇನ್ನೊಂದನ್ನು ನ್ಯೂಟ್ರಲ್ ತೂತಿಗೆ ಹಿಡಿಯಿರಿ. ಸೊನ್ನೆಯ ಹತ್ತಿರ ತೋರಿಸಿದರೆ ಬಾಂಡ್ ಆಗಿದೆ. ಏನೂ ತೋರಿಸದಿದ್ದರೆ ಫೇಸ್ ತೂತನ್ನೂ ನೋಡಿ. ಅಲ್ಲಿಯೂ ಏನೂ ಇಲ್ಲದಿದ್ದರೆ ತೇಲುತ್ತಿದೆ. ಹಾಗೆಯೇ ಅರ್ಥ್ ತೂತಿಗೂ ಚೌಕಟ್ಟಿನ ಬೋಲ್ಟಿಗೂ ನಡುವೆ ಅಳೆಯಿರಿ. ಅಲ್ಲಿ ಸೊನ್ನೆ ಬರಲೇಬೇಕು. ಯಂತ್ರದ ಕೈಪಿಡಿಯಲ್ಲಿ ಒಂದು ಸಾಲಾದರೂ ಇದರ ಬಗ್ಗೆ ಇರುತ್ತದೆ, ಹುಡುಕಿ ಓದಿ. ತೇಲುವ ಇನ್ವರ್ಟರ್ ಯಂತ್ರ ಓಡುತ್ತಿರುವಾಗ ಫೇಸ್‌ಗೂ ಚೌಕಟ್ಟಿಗೂ ನಡುವೆ ಅಳೆದ ಕೆಲವರು 115 ವೋಲ್ಟಿನಷ್ಟು ಕಂಡು ಬೆಚ್ಚಿಬೀಳುತ್ತಾರೆ. ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ವೋಲ್ಟೇಜನ್ನು ಎರಡು ಪಾಲು ಮಾಡುವುದರಿಂದ ಅರ್ಧ ಓದು ಬರುತ್ತದೆ. ಯಂತ್ರ ಕೆಟ್ಟಿದೆ ಎಂದು ಅದರ ಅರ್ಥವಲ್ಲ.

ಅಳೆದ ಮೇಲೆ ಏನು? ಬಾಂಡ್ ಆಗಿದ್ದು, ಪ್ಲಗ್ಗಿಗೆ 30 ಮಿಲಿ ಆಂಪಿಯರ್ ರಕ್ಷಣೆಯನ್ನು ತಯಾರಕರೇ ಕೊಟ್ಟಿದ್ದರೆ ಅದು ಬಯಲಿಗೆ ಉತ್ತಮವಾದ ಯಂತ್ರ, ಮೂರೆಳೆಯ ತಂತಿ ಬಳಸಿ ನೆಮ್ಮದಿಯಿಂದ ಕೆಲಸ ಮಾಡಿ. ಬಾಂಡ್ ಆಗಿದ್ದು ಆ ರಕ್ಷಣೆ ಇಲ್ಲದಿದ್ದರೆ, ಆರ್‌ಸಿಸಿಬಿ ಒಳಗೊಂಡ ಎಕ್ಸ್‌ಟೆನ್ಷನ್ ಪೆಟ್ಟಿಗೆಯನ್ನು ಜನರೇಟರಿಗೆ ಎಷ್ಟು ಹತ್ತಿರವೋ ಅಷ್ಟು ಹತ್ತಿರ ಜೋಡಿಸಿ, ಅದರಿಂದಾಚೆಗಿನ ತಂತಿಯೂ ಅದರ ಕಾವಲಿನಲ್ಲಿರಲಿ. ತೇಲುವ ಯಂತ್ರವಾದರೆ ಒಂದು ಹೊತ್ತಿಗೆ ಒಂದೇ ಉಪಕರಣ, ಅದೂ ಸಾಧ್ಯವಾದರೆ ಚೌಕದೊಳಗೆ ಚೌಕದ ಗುರುತಿರುವ ಎರಡು ಪದರ ನಿರೋಧಕದ ಉಪಕರಣ. ಹತ್ತಾರು ಉಪಕರಣಗಳನ್ನು ನಡೆಸಲೇಬೇಕಾದರೆ ಬಾಂಡ್ ಮಾಡಿದ ಯಂತ್ರವನ್ನೇ ತನ್ನಿ. ತೇಲುವ ಯಂತ್ರಕ್ಕೆ ಬಾಂಡಿಂಗ್ ಪ್ಲಗ್ ಹಾಕಿ ಬದಲಾಯಿಸುವ ಪದ್ಧತಿಯೂ ಇದೆ. ತಯಾರಕರು ಒಪ್ಪಿದ್ದರೆ ಮಾತ್ರ, ಬಲ್ಲವರ ಕೈಯಿಂದ ಮಾತ್ರ ಅದನ್ನು ಮಾಡಿಸಬೇಕು. ಕೆಲವು ಇನ್ವರ್ಟರ್‌ಗಳು ಅದನ್ನು ಸಹಿಸುವುದಿಲ್ಲ. ಬ್ರಿಟನ್ನಿನ ಕಟ್ಟಡ ಕೆಲಸದ ಜಾಗಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೈಯಲ್ಲಿ ಹಿಡಿಯುವ ಉಪಕರಣಗಳಿಗೆ 110 ವೋಲ್ಟ್ ಕೊಟ್ಟು, ಸುರುಳಿಯ ನಡುಬಿಂದುವನ್ನು ಭೂಮಿಗೆ ಕಟ್ಟುತ್ತಾರೆ. ಯಾವ ತಂತಿ ಮುಟ್ಟಿದರೂ ನೆಲಕ್ಕೆ 55 ವೋಲ್ಟ್ ಮಾತ್ರ. ಇಷ್ಟು ಸರಳವಾದ, ಇಷ್ಟು ಜಾಣ ಏರ್ಪಾಡು ಇನ್ನೂ ಎಷ್ಟೋ ಕಡೆ ಏಕೆ ಬಳಕೆಗೆ ಬಂದಿಲ್ಲ ಎಂದು ನನಗೆ ಅಚ್ಚರಿಯಾಗುತ್ತದೆ.

ಮೇಲಿನ ಎಲ್ಲ ಲೆಕ್ಕಾಚಾರವನ್ನೂ ಒಂದು ಮುರಿದ ಅರ್ಥ್ ಪಿನ್ನು ಮಣ್ಣುಪಾಲು ಮಾಡಬಲ್ಲದು. ಎರಡು ಪಿನ್ನಿನ ಸಾಕೆಟ್ಟಿಗೆ ತೂರಿಸಲು ಮೂರನೆಯ ಪಿನ್ನನ್ನು ಕತ್ತರಿಸುವುದು, ಮೂರೆಳೆಯ ತಂತಿಯ ನಡುವೆ ಎರಡೆಳೆಯ ತುಂಡನ್ನು ಸೇರಿಸಿ ಟೇಪು ಸುತ್ತುವುದು, ಎಲ್ಲವೂ ರಕ್ಷಣೆಯ ಬೆನ್ನುಮೂಳೆಯನ್ನೇ ಮುರಿದಂತೆ. ದೀಪ ಉರಿಯುತ್ತಲೇ ಇರುತ್ತದೆ, ಆದ್ದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಬಯಲಿಗೆ ರಬ್ಬರ್ ಹೊದಿಕೆಯ ತಂತಿ ಬೇಕು, ನೀರು ಎರಚಿದರೂ ತಾಳುವ ಮುಚ್ಚಳದ ಸಾಕೆಟ್ ಬೇಕು, ಜೋಡಣೆಗಳು ನೆಲದಿಂದ ಮೇಲೆ ಇರಬೇಕು. ಸುರುಳಿ ಸುತ್ತಿದ ತಂತಿಯನ್ನು ಪೂರ್ತಿ ಬಿಚ್ಚಿಯೇ ಬಳಸಬೇಕು, ಇಲ್ಲದಿದ್ದರೆ ಒಳಸುತ್ತುಗಳ ಬಿಸಿ ಹೊರಹೋಗದೆ ಸಿಪ್ಪೆ ಕರಗುತ್ತದೆ.

ಮಳೆ ಬಂದಾಗ ಎರಡು ಸಾವುಗಳ ನಡುವೆ ಆಯ್ಕೆ ಮಾಡುವ ಇಕ್ಕಟ್ಟು ಬಂದೊದಗುತ್ತದೆ. ನೆನೆದರೆ ಶಾಕ್ ಹೊಡೆದೀತು ಎಂದು ಜನರೇಟರನ್ನು ವರಾಂಡಕ್ಕೋ ಶೆಡ್ಡಿಗೋ ಎಳೆದುಕೊಳ್ಳುತ್ತಾರೆ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದೇ ಇಲ್ಲ. ಒಂದು ಪೋರ್ಟಬಲ್ ಜನರೇಟರ್ ನೂರಾರು ಕಾರುಗಳಷ್ಟು ಈ ಅನಿಲವನ್ನು ಉಗುಳಬಲ್ಲದು ಎಂದು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಎಚ್ಚರಿಸುತ್ತದೆ. ಮನೆಯಿಂದ ಕನಿಷ್ಠ 20 ಅಡಿ ದೂರದಲ್ಲಿ, ಹೊಗೆಯ ಬಾಯಿ ಆಚೆಗೆ ತಿರುಗಿಸಿ ಇಡಬೇಕು ಎನ್ನುವುದು ಅದರ ಸಲಹೆ. ಕಿಟಕಿ ಬಾಗಿಲು ತೆರೆದಿಟ್ಟರೆ ಸಾಲುವುದಿಲ್ಲ. ಪರಿಹಾರ ಒಂದೇ: ಎತ್ತರಿಸಿದ ಒಣ ಹಲಗೆಯ ಮೇಲೆ ಜನರೇಟರ್, ಮೇಲೆ ಬೆಂಕಿ ಹತ್ತದ ಮಾಡು, ನಾಲ್ಕೂ ಕಡೆ ಗಾಳಿಗೆ ತೆರೆದದ್ದು. ಅದನ್ನು ಮೊದಲೇ ಸಿದ್ಧ ಮಾಡಿಟ್ಟುಕೊಂಡಿರಬೇಕು. ಮಳೆ ಬಿದ್ದ ಮೇಲೆ ಯೋಚಿಸಲು ಹೊರಟವರು ಯಂತ್ರವನ್ನು ಒಳಗೇ ತರುತ್ತಾರೆ.

ಇನ್ನು ಎರಡೂ ತುದಿಗೆ ಪಿನ್ನಿರುವ ತಂತಿ. ಒಂದು ತುದಿ ಜನರೇಟರಿಗೆ, ಇನ್ನೊಂದು ಮನೆಯ ಗೋಡೆಯ ಸಾಕೆಟ್ಟಿಗೆ ಚುಚ್ಚಿ ಇಡೀ ಮನೆಗೆ ಬೆಳಕು ತರುವ ಉಪಾಯ. ಇದನ್ನು ನೋಡಿದರೆ ನನಗೆ ಕೋಪ ಬರುತ್ತದೆ, ಏಕೆಂದರೆ ಇಲ್ಲಿ ಅಪಾಯಕ್ಕೆ ಸಿಗುವವನು ಅದನ್ನು ಚುಚ್ಚಿದವನಷ್ಟೇ ಅಲ್ಲ. ಮುಖ್ಯ ಸ್ವಿಚ್ ಆರಿಸಲು ಮರೆತರೆ ಕರೆಂಟು ಮನೆಯಿಂದ ಬೀದಿಗೆ ಹೋಗುತ್ತದೆ, ಬೀದಿಯ ಟ್ರಾನ್ಸ್‌ಫಾರ್ಮರಿನಲ್ಲಿ ಹಿಮ್ಮುಖವಾಗಿ ಹರಿದು ಸಾವಿರಾರು ವೋಲ್ಟಿಗೆ ಏರುತ್ತದೆ. ಮಳೆಯಲ್ಲಿ ಕಂಬ ಹತ್ತಿ, ಲೈನು ಸತ್ತಿದೆ ಎಂದು ನಂಬಿ ಕೈ ಹಾಕಿದ ಲೈನ್‌ಮನ್‌ಗೆ ಅದು ಕಾದಿರುತ್ತದೆ. ಮನೆಗೆ ಜೋಡಿಸಬೇಕಾದರೆ ಎರಡೂ ಮೂಲಗಳು ಒಟ್ಟಿಗೆ ಸೇರಲಾರದಂತೆ ತಡೆಯುವ ಚೇಂಜ್‌ಓವರ್ ಸ್ವಿಚ್ ಬೇಕು. ಬಾಂಡ್ ಮಾಡಿದ ಜನರೇಟರ್ ಆಗಿದ್ದರೆ ಆ ಸ್ವಿಚ್ ಫೇಸ್ ಜೊತೆಗೆ ನ್ಯೂಟ್ರಲನ್ನೂ ಬದಲಾಯಿಸುವಂಥದ್ದಾಗಿರಬೇಕು. ನ್ಯೂಟ್ರಲ್ ಎರಡು ಕಡೆ ಅರ್ಥ್‌ಗೆ ಕಟ್ಟಿಕೊಂಡರೆ ಪ್ರವಾಹ ಕವಲೊಡೆದು ಆರ್‌ಸಿಸಿಬಿ ಕಾರಣವಿಲ್ಲದೆ ಬೀಳತೊಡಗುತ್ತದೆ. ಕಿರಿಕಿರಿ ತಾಳದೆ ಜನ ಅದನ್ನೇ ಕಿತ್ತು ನೇರ ಜೋಡಿಸುತ್ತಾರೆ, ಇದ್ದ ಒಂದು ಕಾವಲೂ ಹೋಗುತ್ತದೆ.

ಈಗ ಎಂಜಿನ್ನಿನ ಜಾಗಕ್ಕೆ ಬ್ಯಾಟರಿ ತುಂಬಿದ ಪೋರ್ಟಬಲ್ ಪವರ್ ಸ್ಟೇಷನ್‌ಗಳು ಬರುತ್ತಿವೆ. ಹೊಗೆಯಿಲ್ಲ, ಸದ್ದಿಲ್ಲ, ಒಳಗೂ ಇಡಬಹುದು. ಆದರೆ ಅವುಗಳ ಔಟ್‌ಪುಟ್ ಕೂಡ ಸಾಮಾನ್ಯವಾಗಿ ತೇಲುವಂಥದ್ದೇ, ಮೂರು ತೂತಿನ ಪ್ಲಗ್ ಅಲ್ಲಿಯೂ ಇದೆ, ಡ್ರಿಲ್ಲು ಮತ್ತು ಕಂಬದ ಪ್ರಸಂಗ ಅಲ್ಲಿಯೂ ಹಾಗೆಯೇ ನಡೆಯಬಲ್ಲದು. ಈ ಪೆಟ್ಟಿಗೆಗಳ ಮುಖದ ಮೇಲೆ ಎಷ್ಟು ವ್ಯಾಟ್, ಎಷ್ಟು ಗಂಟೆ ಎಂದು ಅಂಗೈ ಅಗಲದ ಅಕ್ಷರಗಳಲ್ಲಿ ಬರೆದಿರುತ್ತಾರೆ. ನ್ಯೂಟ್ರಲ್ ಬಾಂಡ್ ಆಗಿದೆಯೋ ಇಲ್ಲವೋ ಎಂಬುದು, ಬರೆದಿದ್ದರೆ, ಕೈಪಿಡಿಯ ಒಳಪುಟದಲ್ಲಿ ಎಲ್ಲೋ ಇರುತ್ತದೆ. ಜನರೇಟರ್ ಇರಲಿ, ಬ್ಯಾಟರಿ ಇರಲಿ, ‘ನ್ಯೂಟ್ರಲ್ ತೇಲುತ್ತಿದೆ, ಒಮ್ಮೆಗೆ ಒಂದೇ ಉಪಕರಣ’ ಅಥವಾ ‘ನ್ಯೂಟ್ರಲ್ ಬಾಂಡ್ ಆಗಿದೆ, ಆರ್‌ಸಿಸಿಬಿ ಕಡ್ಡಾಯ’ ಎಂಬ ಒಂದು ಸಾಲನ್ನು ಪ್ಲಗ್ಗಿನ ಪಕ್ಕದಲ್ಲೇ, ಬಳಸುವವರ ಭಾಷೆಯಲ್ಲಿ ಅಚ್ಚು ಹಾಕುವಂತೆ ತಯಾರಕರನ್ನು ಕಡ್ಡಾಯಪಡಿಸಬೇಕು. ಅಲ್ಲಿಯವರೆಗೆ ಮಲ್ಟಿಮೀಟರಿನಲ್ಲಿ ಅಳೆದು, ಒಂದು ಬಿಳಿ ಟೇಪಿನ ಮೇಲೆ ನೀವೇ ಬರೆದು ಅಂಟಿಸಿ. ಮುಂದಿನ ಸಲ ಆ ಪ್ಲಗ್ಗಿಗೆ ತಂತಿ ಚುಚ್ಚುವವರು ಬೇರೆ ಯಾರೋ ಆಗಿರಬಹುದು.